ಬೀಗ ಅವರದು, ಹಾಜರಿ ನಮ್ಮದು

ಪ್ರಶ್ನೆ: ನಾನು ಹಾಸನದ ಕಡೆಯವಳು. ಊರಲ್ಲಿ ಏಳು ವರ್ಷ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದೆ. ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲಿ ಪಾಠ ಮಾಡಲು ಬೇಕಾದ ಪರವಾನಗಿ, ಟೀಚಿಂಗ್ ಕ್ರೆಡೆನ್ಷಿಯಲ್, ಮಾಡಿಕೊಂಡೆ. ಹೋದ ತಿಂಗಳಿಂದ ನಮ್ಮ ಕೌಂಟಿಯ (ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ) ಜುವೆನೈಲ್ ಹಾಲ್‌ನೊಳಗಿನ, ಅಂದರೆ ಬಾಲಾಪರಾಧಿಗಳನ್ನು ಇಡುವ ಕಡೆಯ, ಶಾಲೆಗೆ ಬದಲಿ ಟೀಚರ್ ಆಗಿ ಹೋಗುತ್ತಿದ್ದೇನೆ. ಅಲ್ಲೊಬ್ಬ ಹುಡುಗ ಇಡೀ ದಿನ ಅದೇ ಕಟ್ಟಡದಲ್ಲೇ ಇದ್ದ, ಕೋಣೆಯಿಂದ ಬಿಟ್ಟಿರಲಿಲ್ಲ ಅಷ್ಟೇ. ನಾನು ಕಳಿಸಿದ ವರ್ಕ್‌ಶೀಟನ್ನು ಪೂರ್ತಿ ಮಾಡಿ ವಾಪಸ್ ಕಳಿಸಿದ. ಆದರೂ ಅವನಿಗೆ ಆಬ್ಸೆಂಟ್ ಹಾಕಿ ಅಂದರು. "ಹಾಜರಿ ಇಲ್ಲದಿದ್ದರೆ ದುಡ್ಡಿಲ್ಲ" ಅಂತ ಪ್ರಿನ್ಸಿಪಾಲರು ಗೊಣಗಿದರು. ಸರ್ಕಾರ ತಲೆ ಎಣಿಸಿ ದುಡ್ಡು ಕೊಡುತ್ತದಾ? ಕೊಡುವವರು ಯಾರು? ದೊಡ್ಡವರ ಜೈಲಿನಲ್ಲೂ ಇದೇ ಲೆಕ್ಕವಾ? ಆ ಹುಡುಗನ ವರ್ಕ್‌ಶೀಟಿಗೆ ಬೆಲೆಯೇ ಇಲ್ಲವಾ?

ಉತ್ತರ: ನಿಮ್ಮ ಪ್ರಿನ್ಸಿಪಾಲರು ಗೊಣಗಿದ್ದು ಸರಿ. ನಿಮಗೆ ಕೋಪ ಬಂದದ್ದೂ ಸರಿ. ಒಂದು ಕೌಂಟಿ ಶಿಕ್ಷಣ ಕಚೇರಿಯ ಹಾಜರಿ ಲೆಕ್ಕದ ವಿಭಾಗದಲ್ಲಿ ನಾನು ಹನ್ನೊಂದು ವರ್ಷ ಕೂತಿದ್ದೆ. ಸುಮಾರು ಟೀಚರುಗಳು ಇದೇ ಪ್ರಶ್ನೆ ಹಿಡಿದುಕೊಂಡು ನನ್ನ ಮೇಜಿಗೆ ಬಂದಿದ್ದಾರೆ. ಹೆಚ್ಚಿನವರು ಬರುವಾಗಲೇ ಸಿಟ್ಟಿನಲ್ಲಿ ಇರುತ್ತಿದ್ದರು.

ಮೊದಲು ಯಾರ ಮನೆ ಯಾವುದು ಅನ್ನುವುದನ್ನು ಬಿಡಿಸಿಕೊಳ್ಳೋಣ. ನೀವು ಹೋಗುವ ಕಟ್ಟಡ ಕೌಂಟಿಯ ಪ್ರೊಬೇಶನ್ ಇಲಾಖೆಯದು, ಕೋರ್ಟಿನ ಆದೇಶದಂತೆ ಇಂಥ ಮಕ್ಕಳ ಮೇಲೆ ನಿಗಾ ಇಡುವವರದು. ಗೋಡೆ, ಬೀಗ, ಊಟ, ಹಾಸಿಗೆ, ಕಾವಲು ಎಲ್ಲ ಅವರದು. ಅದರೊಳಗಿನ ಶಾಲೆ ಮಾತ್ರ ಕೌಂಟಿ ಶಿಕ್ಷಣ ಕಚೇರಿಯದು. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಇದಕ್ಕೆ ಜುವೆನೈಲ್ ಕೋರ್ಟ್ ಸ್ಕೂಲ್ ಅಂತ ಹೆಸರು. ಕೋರ್ಟ್ ಕಳಿಸಿದ ಮಕ್ಕಳ ಶಾಲೆ ಅಂತ ಅರ್ಥ, ಕೋರ್ಟ್ ನಡೆಸುವ ಶಾಲೆ ಅಂತಲ್ಲ. ನಿಮ್ಮ ಸಂಬಳ ಒಂದು ಇಲಾಖೆಯಿಂದ, ನಿಮ್ಮ ಕ್ಲಾಸಿನ ಬಾಗಿಲ ಬಳಿ ಕೂತವರ ಸಂಬಳ ಇನ್ನೊಂದರಿಂದ. ಎರಡಕ್ಕೂ ಬೇರೆ ಬೇರೆ ಮೇಲಧಿಕಾರಿ, ಬೇರೆ ಬೇರೆ ಬಜೆಟ್. ಮುಂದೆ ನಾನು ಹೇಳುವುದೆಲ್ಲ ಈ ಒಂದು ಬಿರುಕಿನಿಂದಲೇ ಹುಟ್ಟುತ್ತದೆ.

ಈಗ ದುಡ್ಡು. ಹೌದು, ರಾಜ್ಯ ತಲೆ ಎಣಿಸುತ್ತದೆ. ಆದರೆ ದಾಖಲಾದ ತಲೆಗಳನ್ನಲ್ಲ, ಬಂದು ಕೂತ ತಲೆಗಳನ್ನು. ಇದನ್ನು ಸರಾಸರಿ ದಿನದ ಹಾಜರಿ ಅನ್ನುತ್ತಾರೆ. ಆಫೀಸಿನ ಭಾಷೆಯಲ್ಲಿ ಎಡಿಎ. ಲೆಕ್ಕ ಸುಲಭ. ಎಲ್ಲ ಮಕ್ಕಳೂ ಸೇರಿ ಒಟ್ಟು ಎಷ್ಟು ದಿನ ಕ್ಲಾಸಿಗೆ ಬಂದರು ಅಂತ ಕೂಡಿಸಿ, ಶಾಲೆ ನಡೆದ ದಿನಗಳಿಂದ ಭಾಗಿಸಬೇಕು. ಅಮೆರಿಕದ ಹೆಚ್ಚಿನ ರಾಜ್ಯಗಳು ದಾಖಲಾತಿ ನೋಡಿ ದುಡ್ಡು ಕೊಡುತ್ತವೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಂಥ ಕೆಲವು ಮಾತ್ರ ಹಾಜರಿಗೆ ಅಂಟಿಕೊಂಡಿವೆ. 1998ರ ತನಕ ಇಲ್ಲೂ ಒಂದು ದಾಕ್ಷಿಣ್ಯ ಇತ್ತು. ಮಗು ಜ್ವರ ಅಂತ ಚೀಟಿ ತಂದರೆ ಆ ದಿನವನ್ನೂ ಲೆಕ್ಕಕ್ಕೆ ಸೇರಿಸುತ್ತಿದ್ದರು. 1998-99ರಿಂದ ಅದೂ ಹೋಯಿತು. ಕಾರಣ ಏನೇ ಇರಲಿ, ಬರದಿದ್ದರೆ ಇಲ್ಲ.

ನಮ್ಮೂರಿನ ಸರ್ಕಾರಿ ಶಾಲೆ ನೋಡಿದವರಿಗೆ ಇದು ಪೂರ್ತಿ ಹೊಸದೇನಲ್ಲ. ಬೆಳಿಗ್ಗೆ ಹಾಜರಿ ಎಣಿಸಿಯೇ ಬಿಸಿಯೂಟಕ್ಕೆ ಅಕ್ಕಿ ಅಳೆಯುತ್ತಾರೆ ಅಲ್ವಾ? ಆದರೆ ಅಲ್ಲಿ ಮಕ್ಕಳು ಕಡಿಮೆ ಬಂದರೆ ಅಕ್ಕಿ ಉಳಿಯುತ್ತದೆ, ಮೇಷ್ಟರ ಸಂಬಳ ನಿಲ್ಲುವುದಿಲ್ಲ. ಇಲ್ಲಿ ಅಕ್ಕಿಯೂ ಸಂಬಳವೂ ಒಂದೇ ಚೀಲದಲ್ಲಿವೆ.

ಚೀಲದಲ್ಲಿ ಎಷ್ಟಿದೆ? 2013ರಲ್ಲಿ, ಜೆರ್ರಿ ಬ್ರೌನ್ ಗವರ್ನರ್ ಆಗಿದ್ದಾಗ, ಕ್ಯಾಲಿಫೋರ್ನಿಯಾ ತನ್ನ ಶಾಲೆಗಳಿಗೆ ದುಡ್ಡು ಹಂಚುವ ಪದ್ಧತಿಯನ್ನೇ ಬದಲಿಸಿತು. ಆಗ ಬಂದದ್ದು ಲೋಕಲ್ ಕಂಟ್ರೋಲ್ ಫಂಡಿಂಗ್ ಫಾರ್ಮುಲಾ, ಎಲ್ಲರೂ ಕರೆಯುವುದು ಎಲ್‌ಸಿಎಫ್‌ಎಫ್ ಅಂತ. ಅದರಲ್ಲಿ ಕೋರ್ಟ್ ಸ್ಕೂಲ್ ಮಕ್ಕಳಿಗೆ ಬೇರೆಯೇ ದರ ಇಟ್ಟರು. ಒಂದು ಎಡಿಎಗೆ ಮೂಲ ಮೊತ್ತ 11,045 ಡಾಲರ್. ಅದರ ಮೇಲೆ, ಬಡ ಮಕ್ಕಳು, ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಕ್ಕಳು, ಸಾಕು ಮನೆಯಲ್ಲಿ ಬೆಳೆಯುವ ಮಕ್ಕಳು ಇದ್ದರೆ ಶೇ. 35 ಜಾಸ್ತಿ. ಅಂಥವರು ಅರ್ಧಕ್ಕಿಂತ ಹೆಚ್ಚಿದ್ದರೆ, ಹೆಚ್ಚಿರುವ ಭಾಗಕ್ಕೆ ಮತ್ತೆ ಶೇ. 35. ಕಾನೂನು ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ. ಜುವೆನೈಲ್ ಹಾಲ್‌ಗೆ ಬಂದ ಮಗುವಿನ ಮನೆಯ ಆದಾಯ ಎಷ್ಟು, ಫಾರ್ಮ್ ತುಂಬಿದ್ದಾರಾ ಅಂತ ಕೇಳುತ್ತಾ ಕೂರುವುದಿಲ್ಲ. ಅಲ್ಲಿರುವ ಎಲ್ಲರೂ ಈ ಗುಂಪಿಗೆ ಸೇರಿದವರೇ ಅಂತ ಎಣಿಸುತ್ತದೆ. ಹಾಗಾಗಿ ಒಂದು ಎಡಿಎಗೆ 11,045, ಅದರ ಶೇ. 35, ಮತ್ತೆ ಅರ್ಧಕ್ಕಿಂತ ಹೆಚ್ಚಿರುವ ಉಳಿದರ್ಧಕ್ಕೆ ಶೇ. 17.5 ಸೇರಿ ಸುಮಾರು 16,843 ಡಾಲರ್ ಆಯಿತು. ಇದು ಕಾಯ್ದೆ ಬಂದ ವರ್ಷದ ದರ. ಬೆಲೆ ಏರಿದಂತೆ ಆಮೇಲೆ ಏರಿದೆ.

ಈ ದರ ನೋಡಿ ನನ್ನ ಹೆಂಡತಿ ಒಮ್ಮೆ, "ಅಷ್ಟು ಕೊಡ್ತಾರಾ? ಮತ್ತೇನು ಗೋಳು ನಿಮ್ಮದು?" ಅಂದಿದ್ದಳು. ಗೋಳು ದರದಲ್ಲಿಲ್ಲ, ಭಾಗಾಕಾರದಲ್ಲಿದೆ.

ನೀವು ಗಣಿತದವರು, ಹಾಗಾಗಿ ಒಂದು ಬೆಂಚನ್ನು ಇಟ್ಟುಕೊಂಡು ಹೇಳುತ್ತೇನೆ. ವರ್ಷಕ್ಕೆ 200 ದಿನ ಶಾಲೆ ಅಂದುಕೊಳ್ಳಿ. ಆ ಬೆಂಚಿನಲ್ಲಿ ಒಬ್ಬೊಬ್ಬ ಹುಡುಗ ಇಪ್ಪತ್ತು ಶಾಲಾ ದಿನ ಇದ್ದು ಹೋಗುತ್ತಾನೆ. ವರ್ಷದಲ್ಲಿ ಹತ್ತು ಹುಡುಗರು. ಹತ್ತೂ ಜನ ಒಂದು ದಿನವೂ ತಪ್ಪಿಸದಿದ್ದರೆ 200 ಹಾಜರಿ, ಅಂದರೆ ಸರಿಯಾಗಿ ಒಂದು ಎಡಿಎ. ಹತ್ತು ಮಕ್ಕಳ ಹಳೆಯ ದಾಖಲೆ ತರಿಸಬೇಕು, ಹತ್ತು ಸಲ ಪರೀಕ್ಷೆ ಮಾಡಿ ಯಾವ ಮಟ್ಟದಲ್ಲಿದ್ದಾರೆ ಅಂತ ನೋಡಬೇಕು, ಹತ್ತು ಸಲ ಹೊರಗಿನ ಶಾಲೆಗೆ ಕಾಗದ ಕಳಿಸಬೇಕು. ದುಡ್ಡು ಒಬ್ಬನದು.

ಅದೂ ಯಾರೂ ತಪ್ಪಿಸದಿದ್ದರೆ. ನಿಜ ಹೇಗಿರುತ್ತದೆ ನಿಮಗೇ ಗೊತ್ತು. ಬಂದ ಮೊದಲ ದಿನ ವೈದ್ಯಕೀಯ ತಪಾಸಣೆ, ಬೆರಳಚ್ಚು, ಬಟ್ಟೆ. ಒಂದು ದಿನ ಕೋರ್ಟು. ಒಂದು ದಿನ ಯೂನಿಟ್‌ನಲ್ಲಿ, ಅಂದರೆ ಅವರ ಕೋಣೆಗಳಿರುವ ಭಾಗದಲ್ಲಿ, ಜಗಳ, ಎಲ್ಲರೂ ಕೋಣೆಗೆ. ಬಿಡುಗಡೆಯ ದಿನ ಬೆಳಿಗ್ಗೆಯೇ ಹೊರಟುಬಿಡುತ್ತಾನೆ. ಇಪ್ಪತ್ತರಲ್ಲಿ ನಾಲ್ಕು ಹೋಯಿತು. ಎಡಿಎ 0.8ಕ್ಕೆ ಇಳಿಯಿತು. ಇಂಥ ಐವತ್ತು ಬೆಂಚಿದ್ದರೆ ಹತ್ತು ಎಡಿಎ ನಷ್ಟ. ಹಳೆಯ ದರದಲ್ಲೇ ಹೇಳಿದರೂ ಒಂದು ಲಕ್ಷದ ಅರವತ್ತೆಂಟು ಸಾವಿರ ಡಾಲರ್ ಚಿಲ್ಲರೆ. ಸಂಬಳ, ವಿಮೆ, ಪಿಂಚಣಿ ಎಲ್ಲ ಸೇರಿಸಿದರೆ ಒಬ್ಬ ಟೀಚರ್ ಇದರಲ್ಲಿ ಸಿಗುತ್ತಿದ್ದರು. ಹೊರಗಿನ ಹೈಸ್ಕೂಲಿನಲ್ಲಿ ಮಕ್ಕಳು ಚಕ್ಕರ್ ಹೊಡೆದರೆ ಅಪ್ಪ ಅಮ್ಮನಿಗೆ ಫೋನ್ ಮಾಡಬಹುದು. ಇಲ್ಲಿ ಯಾರಿಗೆ ಫೋನ್ ಮಾಡುವುದು? ಆ ಹುಡುಗ ಚಕ್ಕರ್ ಹೊಡೆದಿಲ್ಲ. ಹೊಡೆಯೋಣ ಅಂದರೂ ಆಗುವುದಿಲ್ಲ.

ಈ ಲೆಕ್ಕ ಪ್ರತಿ ಕೌಂಟಿಯಲ್ಲೂ ನೇರವಾಗಿ ಹೀಗೇ ಇಳಿಯುವುದಿಲ್ಲ ಅನ್ನುವುದನ್ನೂ ಹೇಳಬೇಕು. ಹೊಸ ಸೂತ್ರ ಬಂದಾಗ ಹಳೆಯ ಮಟ್ಟಕ್ಕಿಂತ ಕಡಿಮೆ ಆಗದ ಹಾಗೆ ಕೆಲವು ಕೌಂಟಿಗಳಿಗೆ ರಕ್ಷಣೆ ಕೊಟ್ಟಿದ್ದರು. ಜೊತೆಗೆ ಜುವೆನೈಲ್ ಹಾಲ್‌ಗಳಲ್ಲಿ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯಿತು. ಸಮಾಜಕ್ಕೆ ಅದು ಒಳ್ಳೆಯ ಸುದ್ದಿ, ಎಡಿಎಗೆ ಕೆಟ್ಟದ್ದು. ಇಪ್ಪತ್ತು ಮಕ್ಕಳಿದ್ದರೂ ಗಣಿತಕ್ಕೊಬ್ಬರು, ವಿಜ್ಞಾನಕ್ಕೊಬ್ಬರು, ವಿಶೇಷ ಶಿಕ್ಷಣಕ್ಕೊಬ್ಬರು ಬೇಕೇ ಬೇಕು. ಹುಡುಗಿಯರನ್ನು ಬೇರೆ ಕೂರಿಸಬೇಕು. ಒಂದು ಗ್ಯಾಂಗಿನವನ ಪಕ್ಕ ಇನ್ನೊಂದು ಗ್ಯಾಂಗಿನವನನ್ನು ಕೂರಿಸುವ ಹಾಗಿಲ್ಲ. ಕೊನೆಗೆ ರಾಜ್ಯಕ್ಕೂ ಇದು ಅರ್ಥವಾಗಿ, 2023-24ರ ಬಜೆಟ್‌ನಲ್ಲಿ ಕೋರ್ಟ್ ಸ್ಕೂಲ್ ಮತ್ತು ಇತರ ಪರ್ಯಾಯ ಶಾಲೆ ನಡೆಸುವ ಕೌಂಟಿ ಕಚೇರಿಗಳಿಗೆ ಪ್ರತಿ ವರ್ಷ ಸಿಗುವಂತೆ 8 ಕೋಟಿ ಡಾಲರ್ ಹೆಚ್ಚಿಗೆ ಇಟ್ಟಿತು.

ಬೇರೆ ದಾರಿಯೂ ಇದೆ. ಮಿಶಿಗನ್ ರಾಜ್ಯದಲ್ಲಿ ಸಾಮಾನ್ಯ ಶಾಲೆಗಳಿಗೆ ವರ್ಷದ ಗೊತ್ತಾದ ಎಣಿಕೆ ದಿನಗಳಿವೆ, ಒಂದು ಅಕ್ಟೋಬರಿನಲ್ಲಿ, ಇನ್ನೊಂದು ಫೆಬ್ರವರಿಯಲ್ಲಿ. ಆದರೆ ಕೋರ್ಟ್ ಕಳಿಸಿದ ಮಕ್ಕಳಿರುವ ಬಂಧನ ಗೃಹಗಳಿಗೆ ಆ ಎಣಿಕೆಯೊಂದೇ ಸಾಲದು ಅಂತ ಅವರು ಒಪ್ಪಿಕೊಂಡಿದ್ದಾರೆ. ಅಲ್ಲಿ ಶಾಲೆ ನಡೆಸಲು ಮೇಲೆ ಬಿದ್ದ ಖರ್ಚನ್ನು ರಾಜ್ಯ ಬೇರೆಯಾಗಿ ತುಂಬಿಕೊಡುತ್ತದೆ. ನನ್ನನ್ನು ಕೇಳಿದರೆ ಅದೇ ಸರಿ. ದಿನಾ ಬದಲಾಗುವ ಜನಕ್ಕೆ ತಲೆಯ ಲೆಕ್ಕ ಹಾಕುವುದು ಬಸ್‌ಸ್ಟ್ಯಾಂಡಿನಲ್ಲಿ ಜನಗಣತಿ ಮಾಡಿದ ಹಾಗೆ.

ಇನ್ನು ನಿಮ್ಮ ಕೋಣೆಯೊಳಗಿನ ಹುಡುಗ. ಅವನಿಗೆ ಹಾಜರಿ ಯಾಕಿಲ್ಲ?

ಕಾನೂನಿನಲ್ಲಿ ಹಾಜರಿ ಅಂದರೆ ಕಟ್ಟಡದಲ್ಲಿ ಇರುವುದಲ್ಲ. ಕ್ರೆಡೆನ್ಷಿಯಲ್ ಇರುವ ಟೀಚರ್ ಒಬ್ಬರ ನೇರ ಕಣ್ಣಳತೆಯಲ್ಲಿ, ಅವರ ಹಿಡಿತದಲ್ಲಿ ಇರುವುದು. ಪ್ರೊಬೇಶನ್ ಆಫೀಸರ್ ಎಷ್ಟೇ ಒಳ್ಳೆಯವರಾಗಿರಲಿ, ಪಕ್ಕದಲ್ಲೇ ಕೂತು ಲೆಕ್ಕ ಬಿಡಿಸಿಕೊಟ್ಟಿರಲಿ, ಅವರು ಆ ಪಟ್ಟಿಯಲ್ಲಿಲ್ಲ. ಬಾಗಿಲ ಕೆಳಗೆ ತಳ್ಳಿದ ವರ್ಕ್‌ಶೀಟಿಗೆ ಟೀಚರ್ ಇಲ್ಲ. ಹಾಗಾಗಿ ಹಾಜರಿಯೂ ಇಲ್ಲ. ನೀವೇ ಯೂನಿಟ್‌ಗೆ ಹೋಗಿ, ಅವನ ಎದುರು ಕೂತು ಪಾಠ ಮಾಡಿದ್ದರೆ ಮಾತು ಬೇರೆ.

ಇದರ ಮೇಲೆ ಗಡಿಯಾರದ ನಿಯಮ. ಕೋರ್ಟ್ ಸ್ಕೂಲಿನ ಒಂದು ದಿನ ಅಂದರೆ ಕನಿಷ್ಠ 240 ನಿಮಿಷ. ಬ್ರೇಕು, ಊಟದ ಹೊತ್ತು ಇದಕ್ಕೆ ಸೇರುವುದಿಲ್ಲ. ಒಪ್ಪಿಗೆ ಪಡೆದ ವೃತ್ತಿ ತರಬೇತಿಯಲ್ಲಿ ಅಥವಾ ಪ್ರೊಬೇಶನ್ ಇಲಾಖೆ ಗೊತ್ತುಮಾಡಿದ ಕೆಲಸದ ಕಾರ್ಯಕ್ರಮದಲ್ಲಿ ಇರುವವರಿಗೆ 180 ನಿಮಿಷ ಸಾಕು. ಜೈಲಿನ ಬದುಕು ಗಡಿಯಾರದ ಮಾತು ಕೇಳುವುದಿಲ್ಲ ಅಂತ ಕಾನೂನು ಬರೆದವರಿಗೂ ಗೊತ್ತಿತ್ತೋ ಏನೋ, ಒಂದು ಸಡಿಲಿಕೆ ಕೊಟ್ಟಿದ್ದಾರೆ. ಹೆಚ್ಚೆಂದರೆ ಹತ್ತು ದಿನ ಸಾಲಾಗಿ ತೆಗೆದುಕೊಂಡು ನಿಮಿಷಗಳ ಸರಾಸರಿ ಹಾಕಬಹುದು. ಸೋಮವಾರ ಬೀಗ ತಡವಾಗಿ ತೆಗೆದು 200 ನಿಮಿಷ ಆದರೆ, ಗುರುವಾರ 280 ಮಾಡಿ ಸರಿದೂಗಿಸಬಹುದು. ಆದರೆ ಒಬ್ಬ ಹುಡುಗನಿಗೆ ಒಂದೇ ದಿನದಲ್ಲಿ ಒಂದಕ್ಕಿಂತ ಜಾಸ್ತಿ ಹಾಜರಿ ಹಾಕುವ ಹಾಗಿಲ್ಲ. ಶನಿವಾರ ಬೆಳಿಗ್ಗೆಯಿಂದ ಸಂಜೆವರೆಗೆ ಓದಿಸಿ ಎರಡು ದಿನ ಬರೆದುಕೊಳ್ಳೋಣ ಅನ್ನುವ ಜಾಣತನ ನಡೆಯುವುದಿಲ್ಲ.

ಈ ಸರಾಸರಿ ಹಾಕುವುದು ಆಫೀಸಿನ ಕೆಲಸ. ನೀವು ಬರೆಯಬೇಕಾದ್ದು ಆ ದಿನ ಕಂಡದ್ದನ್ನು, ಆ ದಿನವೇ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಪ್ರತಿ ವರ್ಷ ಹೊರಗಿನ ಆಡಿಟರ್ ಬಂದು ಹಾಜರಿ ಪುಸ್ತಕ ತೆರೆಯುತ್ತಾರೆ. ಅದರ ಪಕ್ಕದಲ್ಲಿ ಪ್ರೊಬೇಶನ್‌ನವರ ಲಾಗ್ ಇಡುತ್ತಾರೆ. ನೀವು ಹತ್ತು ಗಂಟೆಗೆ ಹಾಜರ್ ಅಂತ ಹಾಕಿದ ಹುಡುಗ ಅವರ ಲಾಗ್‌ನಲ್ಲಿ ಹತ್ತು ಗಂಟೆಗೆ ಕೋರ್ಟಿನ ವ್ಯಾನಿನಲ್ಲಿದ್ದರೆ ಕಥೆ ಮುಗಿಯಿತು. ನಾನಿದ್ದ ಕಡೆ ಒಬ್ಬ ಟೀಚರ್, ಬಹಳ ಒಳ್ಳೆಯ ಮನುಷ್ಯ, ಶುಕ್ರವಾರ ಸಂಜೆ ಕೂತು ಇಡೀ ವಾರದ ಹಾಜರಿಯನ್ನು ನೆನಪಿನಿಂದ ತುಂಬುತ್ತಿದ್ದ. ಪಾಠ ಬಿಟ್ಟು ಇದನ್ನೆಲ್ಲ ಯಾರು ನೋಡ್ತಾರೆ ಅಂತ ಅವನ ವಾದ. ಆಡಿಟರ್ ನೋಡಿದರು. ಹಾಗೆ ಸಿಕ್ಕಿಬಿದ್ದ ದಿನಗಳನ್ನೆಲ್ಲ ಹೊಡೆದುಹಾಕಿದರು. ಹಾಜರಿ ಹೋದರೆ ಎಡಿಎ ಹೋಗುತ್ತದೆ, ಎಡಿಎ ಹೋದರೆ ಬಂದ ದುಡ್ಡು ವಾಪಸ್ ಕಟ್ಟಬೇಕು. ಆ ಪೈಕಿ ಎಷ್ಟೋ ದಿನ ಹುಡುಗರು ನಿಜವಾಗಿಯೂ ಕ್ಲಾಸಿನಲ್ಲೇ ಇದ್ದರು. ಅದನ್ನು ತೋರಿಸುವುದು ಹೇಗೆ?

ಇನ್ನೊಂದು ಮಗ್ಗುಲು ಹೇಳದಿದ್ದರೆ ನಾನು ಬರೀ ಲೆಕ್ಕದ ಗುಮಾಸ್ತನಾಗಿಬಿಡುತ್ತೇನೆ. ಆ ಹುಡುಗನಿಗೆ ಹಾಜರಿ ಇಲ್ಲ ಅನ್ನುವುದು ದುಡ್ಡಿನ ಮಾತು. ಅವನಿಗೆ ಶಾಲೆ ತಪ್ಪಿಸಬಹುದಾ ಅನ್ನುವುದು ಬೇರೆ ಮಾತು. ತಪ್ಪಿಸುವ ಹಾಗಿಲ್ಲ. ಶಿಕ್ಷೆಯಾಗಿಯೂ ತಪ್ಪಿಸುವ ಹಾಗಿಲ್ಲ. ಬೇರೆ ಇಟ್ಟ ಮಗುವಿಗೂ ಪಾಠ ಮುಂದುವರಿಯಬೇಕು ಅಂತ ರಾಜ್ಯದ ನಿಯಮವೇ ಹೇಳುತ್ತದೆ. 2018ರ ಜನವರಿಯಿಂದ ಕೋಣೆಯಲ್ಲಿ ಒಂಟಿಯಾಗಿ ಕೂಡಿಹಾಕುವುದಕ್ಕೂ ನಾಲ್ಕು ಗಂಟೆಯ ಮಿತಿ ಬಂದಿದೆ. ವಿಶೇಷ ಶಿಕ್ಷಣ ಬೇಕಾದ ಮಗುವಾದರೆ ಕೇಂದ್ರದ ಕಾನೂನು ಇನ್ನೂ ಬಿಗಿ. ಕಾಂಟ್ರಾ ಕೋಸ್ಟಾ ಕೌಂಟಿಯ ಜುವೆನೈಲ್ ಹಾಲ್‌ನಲ್ಲಿ ಅಂಥ ಮಕ್ಕಳನ್ನು ಕೋಣೆಯಲ್ಲಿ ಕೂಡಿಹಾಕಿ ಪಾಠ ತಪ್ಪಿಸುತ್ತಿದ್ದಾರೆ ಅಂತ 2013ರಲ್ಲಿ ಕೇಸು ಬಿತ್ತು. ಕೌಂಟಿ ಶಿಕ್ಷಣ ಕಚೇರಿ, ಪ್ರೊಬೇಶನ್ ಇಲಾಖೆ ಎರಡನ್ನೂ ಎಳೆದರು. "ಬೀಗ ನಮ್ಮದಲ್ಲ" ಅಂತ ಶಾಲೆಯವರು, "ಶಾಲೆ ನಮ್ಮದಲ್ಲ" ಅಂತ ಬೀಗದವರು ಎಷ್ಟು ದಿನ ಅನ್ನಬಹುದು? 2015ರಲ್ಲಿ ರಾಜಿಯಾಗಿ ಎರಡೂ ಕಡೆ ಪದ್ಧತಿ ಬದಲಿಸಬೇಕಾಯಿತು. ಅದೇ ಹೊತ್ತಿಗೆ, 2014ರ ಡಿಸೆಂಬರಿನಲ್ಲಿ, ಕೇಂದ್ರದ ಶಿಕ್ಷಣ ಇಲಾಖೆ ಮತ್ತು ನ್ಯಾಯ ಇಲಾಖೆ ಸೇರಿ ಬಂಧನದಲ್ಲಿರುವ ಮಕ್ಕಳ ಶಿಕ್ಷಣದ ಬಗ್ಗೆ ಇಡೀ ದೇಶಕ್ಕೆ ಮಾರ್ಗಸೂಚಿ ಕಳಿಸಿದವು.

ಕಾಗದದಲ್ಲಿ ಎಲ್ಲ ಇದೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಲಾಸ್ ಏಂಜಲಿಸ್ ಕೌಂಟಿಯ ಹಾಲ್‌ಗಳ ಸುದ್ದಿ ನೀವು ಓದಿರುತ್ತೀರಿ. ಅಲ್ಲಿನ ಪರಿಸ್ಥಿತಿಯ ಬಗ್ಗೆ ರಾಜ್ಯದ ಅಟಾರ್ನಿ ಜನರಲ್ ತನಿಖೆ ಮಾಡಿ, 2021ರ ಜನವರಿಯಲ್ಲಿ ಕೌಂಟಿಯನ್ನೂ ಅದರ ಶಿಕ್ಷಣ ಕಚೇರಿಯನ್ನೂ ಕೋರ್ಟಿನ ಒಪ್ಪಂದಕ್ಕೆ ಕಟ್ಟಿಹಾಕಿದರು. ಆಮೇಲೂ ಕಾವಲು ಸಿಬ್ಬಂದಿ ಸಾಲದೆ ಗೋಳು ಮುಂದುವರಿಯಿತು. ಕೋಣೆಯಿಂದ ಕ್ಲಾಸಿಗೆ ಕರೆದುಕೊಂಡು ಹೋಗಲು ಜನ ಇಲ್ಲದಿದ್ದರೆ ಟೀಚರ್ ಖಾಲಿ ಕ್ಲಾಸಿನಲ್ಲಿ ಕೂರಬೇಕು. ಟೀಚರ್ ಬಂದಿದ್ದಾರೆ, ಪುಸ್ತಕ ಬಂದಿದೆ, ಹುಡುಗನೂ ಐವತ್ತು ಅಡಿ ದೂರದಲ್ಲೇ ಇದ್ದಾನೆ. ಹಾಜರಿ ಸೊನ್ನೆ. ದಂಡ ಬೀಳುವುದು ಶಾಲೆಯ ಬಜೆಟ್‌ಗೆ, ಸಿಬ್ಬಂದಿ ಒದಗಿಸದವರ ಬಜೆಟ್‌ಗಲ್ಲ. ಹನ್ನೊಂದು ವರ್ಷ ಈ ಪುಸ್ತಕಗಳನ್ನು ತಿರುವಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಈ ಹಾಜರಿ ಅಳೆಯುವುದು ಮಕ್ಕಳ ಓದನ್ನಲ್ಲ, ಬೀಗ ಎಷ್ಟು ಹೊತ್ತಿಗೆ ತೆರೆಯಿತು ಅನ್ನುವುದನ್ನು.

ರಾಜ್ಯದ ದುಡ್ಡಿನ ಮೇಲೆ ಕೇಂದ್ರದ ಒಂದು ಸಣ್ಣ ಹೊದಿಕೆಯೂ ಇದೆ. ಕೇಂದ್ರದ ಶಿಕ್ಷಣ ಕಾಯ್ದೆಯ ಟೈಟಲ್ ಒನ್, ಪಾರ್ಟ್ ಡಿ ಅಂತ ಕೇಳಿರುತ್ತೀರಿ. ಅದು ಇರುವುದು ರಾಜ್ಯ ಕೊಡುವುದರ ಜೊತೆಗೆ, ಅದರ ಬದಲಿಗೆ ಅಲ್ಲ. ನಿಮ್ಮಂಥ ಸ್ಥಳೀಯ ಹಾಲ್‌ಗಳಿಗೆ ಬರುವುದು ಅದರ ಎರಡನೇ ಭಾಗ. ಅದರ ಎಣಿಕೆ ಬೇರೆ ರೀತಿ. ಸಾಲಾಗಿ 30 ದಿನ ಆರಿಸಿಕೊಳ್ಳಬೇಕು, ಅದರಲ್ಲಿ ಒಂದು ದಿನವಾದರೂ ಅಕ್ಟೋಬರಿನಲ್ಲಿ ಬೀಳಬೇಕು. ಆ 30 ದಿನದಲ್ಲಿ ಒಂದೇ ಒಂದು ದಿನ ಅಲ್ಲಿ ವಾಸ ಇದ್ದ ಮಗುವೂ ಎಣಿಕೆಗೆ ಬರುತ್ತದೆ. ನೋಡಿ, ಇಲ್ಲಿ ಹತ್ತು ಹುಡುಗರು ಬಂದುಹೋದರೆ ಹತ್ತೂ ಜನ ಲೆಕ್ಕಕ್ಕೆ. ಅದೇ ಬೆಂಚು, ಎರಡು ಸರ್ಕಾರ, ಎರಡು ಗಣಿತ. ಮೊದಲನೇ ಭಾಗ ರಾಜ್ಯದ ಸಂಸ್ಥೆಗಳಿಗೆ. ಅದಕ್ಕೆ ಬೇರೆ ಷರತ್ತು. ಕೇಂದ್ರದ ದುಡ್ಡು ಮುಟ್ಟದೆಯೇ ಮಕ್ಕಳ ಸಂಸ್ಥೆಯಲ್ಲಿ ವಾರಕ್ಕೆ 20 ಗಂಟೆ, ದೊಡ್ಡವರ ಜೈಲಿನಲ್ಲಿ 15 ಗಂಟೆ ಪಾಠ ನಡೆಯುತ್ತಿರಬೇಕು. ಆಗ ಮಾತ್ರ ಕೇಂದ್ರ ಕೈ ಬಿಚ್ಚುತ್ತದೆ.

ಇನ್ನು ದೊಡ್ಡವರ ವಿಷಯ. ಕನ್ನಡದಲ್ಲಿ ನಾವು ಎಲ್ಲಕ್ಕೂ ಜೈಲು ಅಂದುಬಿಡುತ್ತೇವೆ. ಇಲ್ಲಿ ಜೈಲ್ ಬೇರೆ, ಪ್ರಿಸನ್ ಬೇರೆ. ಜೈಲ್ ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ, ಅಂದರೆ ಶೆರಿಫ್, ನಡೆಸುವುದು, ವಿಚಾರಣೆಗೆ ಕಾಯುವವರು ಮತ್ತು ಸಣ್ಣ ಶಿಕ್ಷೆಯವರು ಇರುವ ಕಡೆ. ಪ್ರಿಸನ್ ರಾಜ್ಯದ್ದು ಅಥವಾ ಕೇಂದ್ರದ್ದು. ದುಡ್ಡಿನ ದಾರಿಯೂ ಹಾಗೇ ಕವಲೊಡೆಯುತ್ತದೆ.

ಕ್ಯಾಲಿಫೋರ್ನಿಯಾದ ಪ್ರಿಸನ್‌ಗಳಲ್ಲಿ ಎಬಿಸಿಡಿಯಿಂದ ಹೈಸ್ಕೂಲ್ ಮಟ್ಟದ ತನಕ ಕಲಿಸುವವರು ಬಂದೀಖಾನೆ ಇಲಾಖೆಯ ಟೀಚರುಗಳೇ. ಸಂಬಳ ಆ ಇಲಾಖೆಯ ಬಜೆಟ್‌ನಿಂದ. ಎಡಿಎ ಕಾಟ ಇಲ್ಲ. ಹಾಜರಿ ಅಲ್ಲಿ ಕೈದಿಯ ಲೆಕ್ಕಕ್ಕೆ ಬರುತ್ತದೆ. 2016ರ ನವೆಂಬರಿನಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಶನ್ 57ರ ನಂತರ ಓದು, ತರಬೇತಿ ಮುಗಿಸಿದರೆ ಶಿಕ್ಷೆಯ ದಿನ ಕಡಿಮೆಯಾಗುವ ಅವಕಾಶ ಹೆಚ್ಚಿತು. ಕೇಂದ್ರದ ಪ್ರಿಸನ್‌ನಲ್ಲಿ ನಿಯಮ ಇನ್ನೂ ನೇರ. ಹೈಸ್ಕೂಲ್ ಸರ್ಟಿಫಿಕೇಟ್ ಇಲ್ಲದವರು ಅದನ್ನು ಪಡೆಯುವ ತನಕ, ಅಥವಾ ಕನಿಷ್ಠ 240 ಗಂಟೆ, ಓದಿನ ಕ್ಲಾಸಿಗೆ ಹೋಗಲೇಬೇಕು. ಮಕ್ಕಳಿಗೆ ದಿನಕ್ಕೆ 240 ನಿಮಿಷ, ಇವರಿಗೆ ಒಟ್ಟು 240 ಗಂಟೆ. ಸಂಖ್ಯೆ ಒಂದೇ ಆದದ್ದು ಕಾಕತಾಳೀಯ, ಪರೀಕ್ಷೆಗೆ ಓದುವವರು ಗಲಿಬಿಲಿ ಮಾಡಿಕೊಳ್ಳುತ್ತಾರೆ ಅಷ್ಟೇ.

ಕೌಂಟಿ ಜೈಲಿನಲ್ಲಿ ಒಂದು ವಿಶೇಷ ಪ್ರಯೋಗ ಆಗಿದೆ. ಸ್ಯಾನ್ ಫ್ರಾನ್ಸಿಸ್ಕೊದ ಶೆರಿಫ್ ಇಲಾಖೆ 2003ರಲ್ಲಿ ಫೈವ್ ಕೀಸ್ ಅನ್ನುವ ಚಾರ್ಟರ್ ಶಾಲೆಯನ್ನು (ಸರ್ಕಾರದ ದುಡ್ಡು, ಆದರೆ ಸ್ವತಂತ್ರ ಆಡಳಿತ) ಜೈಲಿನೊಳಗೇ ಶುರು ಮಾಡಿತು. ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು. ಬೀಗ ಇರುವವರೇ ಶಾಲೆಯನ್ನೂ ಹುಟ್ಟುಹಾಕಿದ್ದು ಅದರ ಗುಟ್ಟು. ಕ್ಲಾಸಿನ ಹೊತ್ತಿಗೆ ಬಾಗಿಲು ತೆರೆಯುವುದು ಶೆರಿಫ್‌ನವರಿಗೂ ಸ್ವಂತ ಕೆಲಸವಾಯಿತು. ಚಾರ್ಟರ್ ಶಾಲೆಗೂ ಎಡಿಎ ಲೆಕ್ಕದಲ್ಲೇ ದುಡ್ಡು. ಆದರೆ ವಯಸ್ಸಿನ ಒಂದು ತೊಡಕು ಇತ್ತು. ಸಾಮಾನ್ಯ ಚಾರ್ಟರ್ ಶಾಲೆಯಲ್ಲಿ 19 ದಾಟಿದವರು ನಡುವೆ ಬಿಡದೆ ಓದುತ್ತಾ ಬಂದಿರಬೇಕು, ಇಲ್ಲದಿದ್ದರೆ ದುಡ್ಡಿಲ್ಲ. ಜೈಲಿನಲ್ಲಿ ನಡುವೆ ಬಿಡದೆ ಓದಿದವರನ್ನು ಎಲ್ಲಿಂದ ತರುವುದು? ಕೇಂದ್ರದ ಉದ್ಯೋಗ ತರಬೇತಿ ಕಾಯ್ದೆಯಡಿ ಕೆಲಸ ಮಾಡುವವರ ಜೊತೆ ಸೇರಿ ಕಲಿಸುವ ಶಾಲೆಗಳಿಗೆ ಕಾನೂನಿನಲ್ಲಿ ವಿನಾಯಿತಿ ಇದೆ. ಫೈವ್ ಕೀಸ್‌ನವರು ಆ ಬಾಗಿಲಿನಿಂದ ಒಳಗೆ ಬಂದರು.

ಕಾಲೇಜಿನ ಕಥೆ ಇನ್ನೂ ಚೆನ್ನಾಗಿದೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಿಗೆ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜುಗಳಿಗೆ, ರಾಜ್ಯ ದುಡ್ಡು ಕೊಡಬೇಕಾದರೆ, ಆ ಕ್ಲಾಸಿಗೆ ಯಾರು ಬೇಕಾದರೂ ಸೇರುವ ಹಾಗಿರಬೇಕು ಅಂತ ಹಳೆಯ ನಿಯಮ. ಒಳ್ಳೆಯ ನಿಯಮವೇ. ಆದರೆ ಪ್ರಿಸನ್‌ನೊಳಗಿನ ಕ್ಲಾಸಿಗೆ ರಸ್ತೆಯಲ್ಲಿ ಹೋಗುವವರು ಬಂದು ಸೇರುವುದು ಹೇಗೆ? ಹೀಗೆ ಒಂದು ಸಾಲಿನ ನಿಯಮದಿಂದ ವರ್ಷಗಟ್ಟಲೆ ಹೆಚ್ಚಿನ ಕಾಲೇಜುಗಳು ಒಳಗೆ ಕಾಲಿಡಲಿಲ್ಲ. 2014ರಲ್ಲಿ ಎಸ್‌ಬಿ 1391 ಅನ್ನುವ ಕಾಯ್ದೆ ಬಂದು ಪ್ರಿಸನ್‌ಗಳ ಮಟ್ಟಿಗೆ ಆ ಸಾಲನ್ನು ಸಡಿಲಿಸಿತು. ಅಲ್ಲಿಂದ ಕಾಲೇಜಿನ ಮೇಷ್ಟರುಗಳು ಪ್ರಿಸನ್ ಗೇಟಿನಲ್ಲಿ ಸಾಲು ನಿಲ್ಲುವುದು ಶುರುವಾಯಿತು. ಕಾಲೇಜಿನ ಲೆಕ್ಕ ಎಡಿಎ ಅಲ್ಲ, ಗಂಟೆ. 525 ಗಂಟೆ ಸೇರಿದರೆ ಒಬ್ಬ ಪೂರ್ತಿ ವಿದ್ಯಾರ್ಥಿ. ಸ್ಯಾನ್ ಕ್ವೆಂಟಿನ್ ಪ್ರಿಸನ್‌ನೊಳಗಿನ ಮೌಂಟ್ ತಮಲ್ಪಾಯಿಸ್ ಕಾಲೇಜು ಈ ಸಾಲಿನಲ್ಲಿಲ್ಲ. ಅದು ದಾನಿಗಳ ದುಡ್ಡಿನಲ್ಲಿ ನಡೆಯುತ್ತದೆ.

ಕೇಂದ್ರದ ಪೆಲ್ ಗ್ರಾಂಟ್ ಬಡ ವಿದ್ಯಾರ್ಥಿಗಳಿಗೆ ಸಿಗುವ ಸಹಾಯಧನ. 1994ರ ಅಪರಾಧ ಕಾಯ್ದೆ ಅದನ್ನು ರಾಜ್ಯ ಮತ್ತು ಕೇಂದ್ರ ಪ್ರಿಸನ್‌ನವರಿಗೆ ನಿಲ್ಲಿಸಿತು. ಕೌಂಟಿ ಜೈಲಿನವರಿಗೆ ಆ ನಿಷೇಧ ತಟ್ಟಿರಲಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. 2015ರಲ್ಲಿ ಒಬಾಮ ಸರ್ಕಾರ ಪ್ರಯೋಗ ಅಂತ ಮತ್ತೆ ತೆರೆಯಿತು, ಮರುವರ್ಷ 67 ಕಾಲೇಜುಗಳನ್ನು ಆರಿಸಿತು. 2020ರ ಡಿಸೆಂಬರಿನಲ್ಲಿ ಸಂಸತ್ತು ನಿಷೇಧ ತೆಗೆದುಹಾಕಿತು, 2023ರ ಜುಲೈ 1ರಿಂದ ಜಾರಿಗೆ ಬಂತು. ಆ ವರ್ಷದ ಗರಿಷ್ಠ ಮೊತ್ತ 7,395 ಡಾಲರ್. ಇಲ್ಲೂ ಬೀಗದ ಆಟ ಇದೆ. ಒಬ್ಬರಿಗೆ ಜೀವಮಾನದಲ್ಲಿ ಪೆಲ್ ಸಿಗುವುದು ಸುಮಾರು 12 ಸೆಮಿಸ್ಟರಿಗೆ. ಸೆಮಿಸ್ಟರ್ ನಡುವೆ ಇಲಾಖೆ ಅವನನ್ನು ಬೇರೆ ಪ್ರಿಸನ್‌ಗೆ ಸಾಗಿಸಿದರೆ ಓದು ಅಲ್ಲಿಗೇ ಮುರಿಯುತ್ತದೆ, ಬಳಸಿದ ಪಾಲು ಮಾತ್ರ ಅವನ ಖಾತೆಯಲ್ಲಿ ಖರ್ಚಾಗಿರುತ್ತದೆ. ಇಷ್ಟೆಲ್ಲ ಖರ್ಚು ಯಾಕೆ ಅನ್ನುವವರಿಗೆ ರ‍್ಯಾಂಡ್ ಅನ್ನುವ ಸಂಶೋಧನಾ ಸಂಸ್ಥೆ 2013ರಲ್ಲೇ ಲೆಕ್ಕ ಕೊಟ್ಟಿದೆ. ಒಳಗೆ ಓದಿದವರು ಮತ್ತೆ ಜೈಲಿಗೆ ಬರುವ ಸಂಭವ ಓದದವರಿಗಿಂತ ಶೇ. 43 ಕಡಿಮೆ. ಓದಿಗೆ ಹಾಕಿದ ಒಂದು ಡಾಲರ್, ಬಿಡುಗಡೆಯಾದ ಮೂರು ವರ್ಷದಲ್ಲೇ ಜೈಲು ಖರ್ಚಿನಲ್ಲಿ ನಾಲ್ಕೈದು ಡಾಲರ್ ಉಳಿಸುತ್ತದೆ.

ಇದು ನಿಮ್ಮ ಹಾಲ್‌ಗೂ ಸಂಬಂಧಪಟ್ಟ ಮಾತು. ರಾಜ್ಯದ ದೊಡ್ಡ ಬಾಲಾಪರಾಧಿ ಸಂಸ್ಥೆಗಳನ್ನು 2023ರ ಜೂನ್ 30ಕ್ಕೆ ಮುಚ್ಚಿದರು. ಅಲ್ಲಿರುತ್ತಿದ್ದ ದೊಡ್ಡ ಹುಡುಗರು ಈಗ ಕೌಂಟಿಗಳಲ್ಲೇ ಇರುತ್ತಾರೆ, ಕೆಲವರು 25 ವರ್ಷದವರೆಗೂ. ಅವರಲ್ಲಿ ಹೈಸ್ಕೂಲ್ ಮುಗಿಸಿದವರಿದ್ದಾರೆ. ಅಂಥವರಿಗೆ ಆನ್‌ಲೈನ್ ಕಾಲೇಜು ಕೋರ್ಸು ಸಿಗುವಂತೆ ನೋಡಿಕೊಳ್ಳಬೇಕು ಅಂತ 2019ರ ಎಸ್‌ಬಿ 716 ಕಾಯ್ದೆ ಹೇಳುತ್ತದೆ, ಅದೂ ಪ್ರೊಬೇಶನ್ ಇಲಾಖೆಗೆ.

ನಮ್ಮಲ್ಲಿ ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹಾಸನದವರಿಗೆ ಕುತೂಹಲ ಇದ್ದೇ ಇರುತ್ತದೆ. ಅಪರಾಧದ ಆರೋಪ ಹೊತ್ತ ಮಕ್ಕಳನ್ನು ಇಡುವ ಕರ್ನಾಟಕದ ವೀಕ್ಷಣಾಲಯಗಳು 2015ರ ಬಾಲ ನ್ಯಾಯ ಕಾಯ್ದೆಯಡಿ ನಡೆಯುತ್ತವೆ. ದುಡ್ಡು ಮಿಷನ್ ವಾತ್ಸಲ್ಯ ಯೋಜನೆಯಿಂದ, ಕೇಂದ್ರ 60, ರಾಜ್ಯ 40. ಅಲ್ಲಿ ದುಡ್ಡು ಬರುವುದು ಮನೆ ನಡೆಸುವುದಕ್ಕೆ, ಕ್ಲಾಸಿನ ನಿಮಿಷಕ್ಕಲ್ಲ. ಹಾಗಾಗಿ ಹಾಜರಿಯ ರಗಳೆ ಇಲ್ಲ. ಪಾಠ ನಡೆಯಿತಾ ಅಂತ ಕೇಳುವವರೂ ಅಷ್ಟೇ ಕಡಿಮೆ. ಹಾಜರಿ ನಿಯಮವನ್ನು ಇಷ್ಟೊತ್ತು ಬೈದ ನಾನು ಇದನ್ನೂ ಒಪ್ಪಿಕೊಳ್ಳಬೇಕು. ಇಲ್ಲಿ ಒಂದು ಕ್ಲಾಸ್ ತಪ್ಪಿದರೆ ಕಚೇರಿಯಲ್ಲಿ ಯಾರಿಗಾದರೂ ಹೊಟ್ಟೆ ಉರಿಯುತ್ತದೆ, ದುಡ್ಡಿಗಾಗಿಯಾದರೂ.

ಕೊನೆಗೆ ನಿಮ್ಮ ವರ್ಕ್‌ಶೀಟ್. ಹಾಜರಿ ಮತ್ತು ಕ್ರೆಡಿಟ್ ಎರಡೂ ಬೇರೆ ಬೇರೆ. ಹಾಜರಿ ಶಾಲೆಗೆ ಸಿಗುವ ದುಡ್ಡು. ಕ್ರೆಡಿಟ್, ಅಂದರೆ ಓದಿ ಮುಗಿಸಿದ ಪಾಠಕ್ಕೆ ಅವನ ಹೆಸರಿಗೆ ಜಮೆಯಾಗುವ ಅಂಕ, ಹುಡುಗನ ಆಸ್ತಿ. ಅವನು ಮಾಡಿದ ಕೆಲಸವನ್ನು ನೀವು ತಿದ್ದಿ, ಅದು ಕೋರ್ಸಿಗೆ ಸೇರಿದ್ದು ಅಂತ ತೀರ್ಮಾನಿಸಿದರೆ, ಆಬ್ಸೆಂಟ್ ಆದ ದಿನದ ಕೆಲಸವಾದರೂ ಅದನ್ನು ಅಂಕಕ್ಕೆ ಸೇರಿಸಲು ಅಡ್ಡಿಯಿಲ್ಲ. ಕೋರ್ಟ್ ಸ್ಕೂಲಿನಲ್ಲಿ ಗಳಿಸಿದ ಕ್ರೆಡಿಟ್ಟನ್ನು, ಅದು ಅರ್ಧವೋ ಕಾಲೋ ಆಗಿದ್ದರೂ, ಹೊರಗಿನ ಶಾಲೆ ಒಪ್ಪಿಕೊಳ್ಳಲೇಬೇಕು. ಮುಗಿಸಿದ ಪಾಠವನ್ನು ಮತ್ತೆ ಮೊದಲಿಂದ ಓದು ಅನ್ನುವ ಹಾಗಿಲ್ಲ. ಹಾಲ್‌ನಲ್ಲಿದ್ದ ಅನ್ನುವ ಒಂದೇ ಕಾರಣಕ್ಕೆ ಸೇರಿಸಿಕೊಳ್ಳುವುದಿಲ್ಲ ಅನ್ನುವ ಹಾಗೂ ಇಲ್ಲ. ಹಾಗಾಗಿ ಆ ಹಾಳೆಯ ಮೇಲೆ ತಾರೀಖು, ಕೋರ್ಸಿನ ಹೆಸರು, ನಿಮ್ಮ ಸಹಿ ಹಾಕಿ ಅವನ ಫೈಲಿಗೆ ಸೇರಿಸಿ. ಹಾಜರಿಯ ಕಡೆ ಆಬ್ಸೆಂಟ್ ಅಂತಲೇ ಹಾಕಿ, ಪಕ್ಕದಲ್ಲಿ ಕಾರಣವನ್ನೂ ಬರೆಯಿರಿ: ಯೂನಿಟ್‌ನಿಂದ ಬಿಡಲಿಲ್ಲ, ಇಷ್ಟು ಗಂಟೆಯಿಂದ ಇಷ್ಟು ಗಂಟೆ. ಅವನಿಗೆ ವಿಶೇಷ ಶಿಕ್ಷಣದ ಯೋಜನೆ ಇದೆಯಾ ಅಂತ ಕೇಳಿ ತಿಳಿದುಕೊಳ್ಳಿ. ಇದ್ದರೆ ಆ ಟೀಚರಿಗೆ ಅದೇ ದಿನ ಒಂದು ಇಮೇಲ್ ಹಾಕಿ. ಮರುದಿನವೂ ಬಿಡದಿದ್ದರೆ ಪ್ರಿನ್ಸಿಪಾಲರನ್ನು ಕೇಳಿಕೊಂಡು ನೀವೇ ಯೂನಿಟ್‌ಗೆ ಹೋಗಿ. ಕುರ್ಚಿ ಕೊಡಲ್ಲ ಅಂತಾರೆ, ನಿಂತೇ ಪಾಠ ಮಾಡಿ. ಹೋದ ಹೊತ್ತು, ಬಂದ ಹೊತ್ತು ಬರೆದಿಟ್ಟುಕೊಳ್ಳಿ.